ಹಳೇ ಯುನಿಕ್ಸ್ ಮಷೀನ್ ಮೇಲೆ ಓಪನ್ ಸೋರ್ಸ್ ಕಂಪೈಲ್ ಮಾಡೋದು ಹೇಗೆ

ಹಳೇ ಯುನಿಕ್ಸ್ ಮಷೀನ್ ಒಂದು ನಿಮ್ಮ ಕೈಗೆ ಬಂದಿದೆ. ಅದರ ಮೇಲೆ ಒಂದು ಓಪನ್ ಸೋರ್ಸ್ ಪ್ರೋಗ್ರಾಂ ಓಡಬೇಕು. ರೆಡಿ ಪ್ಯಾಕೇಜ್ ಎಲ್ಲೂ ಸಿಗುತ್ತಿಲ್ಲ. ಸೋರ್ಸ್ (ಪ್ರೋಗ್ರಾಂನ ಮೂಲ ಕೋಡ್) ತಂದು, ಬಿಚ್ಚಿ, ಮಷೀನಿನಲ್ಲಿ ಏನಿದೆ ಏನಿಲ್ಲ ಅಂತ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಹೊಡೆದು, ಆ ಕೋಡನ್ನು ಕಂಪೈಲ್ ಮಾಡಿಸಿ ಓಡುವ ಪ್ರೋಗ್ರಾಂ ಕಟ್ಟುವ ಮೇಕ್ ಹೊಡೆದಿರಿ. ಸ್ಕ್ರೀನ್ ತುಂಬ ಎರರ್. ಇಲ್ಲಿಂದ ಮುಂದೆ ಏನು ಮಾಡಬೇಕು ಅನ್ನೋದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಡೆ ಸೋರ್ಸ್ ಕೋಡ್ ಕೆಟ್ಟಿರುವುದು ತುಂಬಾ ಕಡಿಮೆ. ಅದನ್ನು ಬರೆದವರು "ಇದು ಎಲ್ಲಾ ಮಷೀನಿನಲ್ಲೂ ಇದ್ದೇ ಇರುತ್ತೆ" ಅಂದುಕೊಂಡ ಯಾವುದೋ ಒಂದು ನಿಮ್ಮ ಮಷೀನಿನಲ್ಲಿ ಇರುವುದಿಲ್ಲ, ಅಷ್ಟೇ. ಅದು ಒಂದು ಹೆಡರ್ ಫೈಲ್ (ಫಂಕ್ಷನ್, ಟೈಪುಗಳ ಘೋಷಣೆ ಇರುವ ಫೈಲ್) ಇರಬಹುದು, ಒಂದು ಫಂಕ್ಷನ್ ಇರಬಹುದು, ಶೆಲ್‌ನ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂನ) ಒಂದು ಗುಣ ಇರಬಹುದು, ಸರಿಯಾದ ತಾರೀಖೂ ಇರಬಹುದು. ಆ ಇಲ್ಲದ ಒಂದನ್ನು ಹುಡುಕುವುದೇ ನಮ್ಮ ಕೆಲಸ.

ನಾನು ಜಾಸ್ತಿ ಕೆಲಸ ಮಾಡಿರುವುದು ಸನ್ ಕಂಪನಿಯ ಸ್ಪಾರ್ಕ್ ಪ್ರೊಸೆಸರ್ ಮೇಲಿನ, ಅದೇ ಕಂಪನಿಯ ಯುನಿಕ್ಸ್ ಆದ ಸೋಲಾರಿಸ್ 8, 9, 10ರಲ್ಲಿ. ಹಾಗಾಗಿ ಉದಾಹರಣೆ ಎಲ್ಲಾ ಅಲ್ಲಿಂದಲೇ. ಎಚ್‌ಪಿ-ಯುಎಕ್ಸ್, ಎಐಎಕ್ಸ್, ಐರಿಕ್ಸ್ ಅನ್ನೋ ಬೇರೆ ಕಂಪನಿಗಳ ಯುನಿಕ್ಸುಗಳಲ್ಲಿ ಹೆಸರುಗಳು ಬೇರೆ, ಪಾಡು ಬಹುಮಟ್ಟಿಗೆ ಒಂದೇ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

ಮೊದಲು ಮಷೀನ್ ನೋಡಿ

ಸೋರ್ಸ್ ಮುಟ್ಟುವ ಮುಂಚೆ ಐದು ನಿಮಿಷ ಮಷೀನಿಗೆ ಕೊಡಿ. ಯುನೇಮ್ -ಎ ಹೊಡೆಯಿರಿ. /ಇಟಿಸಿ/ರಿಲೀಸ್ ಫೈಲ್ ಓದಿ, ಸೋಲಾರಿಸ್‌ನ ಯಾವ ಬಿಡುಗಡೆ ಅಂತ ಅಲ್ಲಿರುತ್ತದೆ. ಐಸಾಇನ್ಫೋ -ವಿ ಹೊಡೆದರೆ 32 ಬಿಟ್ಟೋ 64 ಬಿಟ್ಟೋ ಗೊತ್ತಾಗುತ್ತದೆ. ಡಿಎಫ್ -ಕೆ ಹೊಡೆದು ಜಾಗ ಎಷ್ಟಿದೆ ನೋಡಿ. ಆಮೇಲೆ ಡೇಟ್ ಹೊಡೆಯಿರಿ.

ಈ ಕೊನೆಯದನ್ನು ದಯವಿಟ್ಟು ಬಿಡಬೇಡಿ. ಹಳೇ ಸನ್ ಮಷೀನುಗಳಲ್ಲಿ ಗಡಿಯಾರ ನಡೆಸುವ ಬ್ಯಾಟರಿ, ಸೆಟ್ಟಿಂಗ್ ಉಳಿಸಿಡುವ ಎನ್‌ವಿರ್ಯಾಮ್ ಚಿಪ್ಪಿನ ಒಳಗೇ ಕೂತಿರುತ್ತದೆ. ಇಷ್ಟು ವರ್ಷಕ್ಕೆ ಅದು ಖಾಲಿಯಾಗಿರುತ್ತದೆ. ಪವರ್ ತೆಗೆದು ಹಾಕಿದರೆ ತಾರೀಖು ಎಲ್ಲೋ ಹಿಂದಕ್ಕೆ ಹೋಗಿಬಿಡುತ್ತದೆ. ಮೇಕ್ ಅನ್ನೋ ಪ್ರೋಗ್ರಾಂ ನಡೆಯುವುದೇ ಫೈಲುಗಳ ತಾರೀಖಿನ ಮೇಲೆ. ಟಾರ್‌ನಿಂದ (ಸೋರ್ಸ್ ಫೈಲುಗಳನ್ನು ಒಟ್ಟಿಗೆ ಕಟ್ಟಿದ ಫೈಲಿನಿಂದ) ಬಂದ ಮೇಕ್‌ಫೈಲ್.ಇನ್ ಮೇಲೆ 2012 ಅಂತ ಇದ್ದು, ಅದರಿಂದ ಕಾನ್ಫಿಗರ್ ಈಗ ತಾನೇ ಹುಟ್ಟಿಸಿದ ಮೇಕ್‌ಫೈಲ್ ಮೇಲೆ 1970 ಅಂತ ಬಿದ್ದರೆ, ಮೇಕ್‌ಗೆ ಅದು ಯಾವಾಗಲೂ ಹಳತಾಗಿಯೇ ಕಾಣುತ್ತದೆ. ಮತ್ತೆ ಕಾನ್ಫಿಗರ್ ಓಡಿಸುತ್ತದೆ. ಮತ್ತೆ ಹಳತು. ಮತ್ತೆ ಕಾನ್ಫಿಗರ್. ನನಗೆ ಒಂದು ಸಲ ಇಡೀ ಒಂದು ದಿನ ಹೀಗೇ ಹೋಯಿತು. ಕಂಪೈಲರ್ ಮೇಲೆ ಅನುಮಾನ ಪಟ್ಟೆ, ಶೆಲ್ ಬದಲಿಸಿದೆ, ಸೋರ್ಸ್ ಮತ್ತೆ ಇಳಿಸಿಕೊಂಡು ಬಂದೆ. ಸಂಜೆ ಎಲ್‌ಎಸ್ -ಎಲ್ ಹೊಡೆದಾಗ ತಾರೀಖು ಕಣ್ಣಿಗೆ ಬಿತ್ತು. ಗಡಿಯಾರ ಸರಿ ಮಾಡಿ, ಡೈರೆಕ್ಟರಿ ಅಳಿಸಿ, ಟಾರ್ ಹೊಸದಾಗಿ ಬಿಚ್ಚಿದ ಮೇಲೆ ಸಲೀಸಾಗಿ ಮುಗಿಯಿತು.

ಇನ್ನು ಪಾತ್, ಅಂದರೆ ಶೆಲ್ ಕಮಾಂಡುಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ. ಸೋಲಾರಿಸ್ 10ರವರೆಗೆ ಎಲ್‌ಡಿ (ಲಿಂಕರ್, ಕಂಪೈಲ್ ಆದ ತುಂಡುಗಳನ್ನು ಜೋಡಿಸುವುದು), ಎಆರ್ (ಲೈಬ್ರರಿ ಫೈಲ್ ಕಟ್ಟುವುದು), ಮೇಕ್ ಎಲ್ಲಾ /ಯುಎಸ್‌ಆರ್/ಸಿಸಿಎಸ್/ಬಿನ್ ಒಳಗೆ ಇರುತ್ತವೆ. ಮಾಮೂಲಿ ಯೂಸರ್‌ನ ಪಾತ್‌ನಲ್ಲಿ ಅದು ಇರುವುದೇ ಇಲ್ಲ ಎಷ್ಟೋ ಸಲ. "ಎಆರ್ ಸಿಗಲಿಲ್ಲ" ಅಂತ ಬಂದರೆ ಇದೇ ಕಾರಣ. ಗ್ರೆಪ್, ಸೆಡ್, ಆಕ್, ಐಡಿ ಇವುಗಳ ಪಾಸಿಕ್ಸ್ (ಯುನಿಕ್ಸುಗಳಿಗೆಲ್ಲ ಸಾಮಾನ್ಯವಾದ ಮಾನದಂಡ) ಪ್ರಕಾರ ನಡೆಯುವ ಪ್ರತಿಗಳು /ಯುಎಸ್‌ಆರ್/ಎಕ್ಸ್‌ಪಿಜಿ4/ಬಿನ್ ಒಳಗಿವೆ. /ಯುಎಸ್‌ಆರ್/ಬಿನ್‌ನಲ್ಲಿರುವ ಆಕ್ ತುಂಬಾ ಹಳೆಯ ಕಾಲದ್ದು, ಈಗಿನ ಕಾನ್ಫಿಗರ್ ಸ್ಕ್ರಿಪ್ಟುಗಳ ಮಾತು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಎಕ್ಸ್‌ಪಿಜಿ4 ಮೊದಲು, ಆಮೇಲೆ ಸಿಸಿಎಸ್, ಆಮೇಲೆ ಯುಎಸ್‌ಆರ್ ಬಿನ್ ಬರುವ ಹಾಗೆ ಪಾತ್ ಕಟ್ಟಿಕೊಳ್ಳಿ. /ಯುಎಸ್‌ಆರ್/ಯುಸಿಬಿ ಇದ್ದರೆ ಕಂಪೈಲ್ ಮಾಡುವಷ್ಟು ಹೊತ್ತು ತೆಗೆದುಬಿಡಿ. ಅಲ್ಲಿ ಸಿಸಿ ಅಂತ ಒಂದು ಸ್ಕ್ರಿಪ್ಟ್ ಇರುತ್ತದೆ, ಕಂಪೈಲರ್ ಅಲ್ಲ. ಕರೆದರೆ "ಲ್ಯಾಂಗ್ವೇಜ್ ಆಪ್ಷನಲ್ ಸಾಫ್ಟ್‌ವೇರ್ ಪ್ಯಾಕೇಜ್ ನಾಟ್ ಇನ್‌ಸ್ಟಾಲ್ಡ್" ಅಂತ ಹೇಳಿ ಸುಮ್ನಾಗುತ್ತದೆ.

ಶೆಲ್ ವಿಷಯವೂ ಇಷ್ಟೇ ಮುಖ್ಯ. ಸೋಲಾರಿಸ್ 10ರವರೆಗೆ /ಬಿನ್/ಎಸ್‌ಎಚ್ ಅಂದರೆ ಹಳೇ ಬೋರ್ನ್ ಶೆಲ್. ಡಾಲರ್ ಹಾಕಿ ಬ್ರಾಕೆಟ್ ಒಳಗೆ ಕಮಾಂಡ್ ಬರೆಯುವ ರೀತಿ ಅದಕ್ಕೆ ಬರುವುದಿಲ್ಲ. ಫೈಲ್ ಇದೆಯಾ ಅಂತ ನೋಡುವ ಟೆಸ್ಟ್ -ಇ ಕೂಡ ಬರುವುದಿಲ್ಲ. ಕಾನ್ಫಿಗರ್ ಶುರುವಿನಲ್ಲೇ "ಸಿಂಟ್ಯಾಕ್ಸ್ ಎರರ್" ಅಂತ ನಿಂತರೆ ಕಾನ್ಫಿಗ್_ಶೆಲ್ ಅನ್ನುವ ವೇರಿಯಬಲ್‌ಗೆ /ಬಿನ್/ಕೆಎಸ್‌ಎಚ್ ಅಂತ ಕೊಟ್ಟು ಎಕ್ಸ್‌ಪೋರ್ಟ್ ಮಾಡಿ, ಕಾನ್ಫಿಗರನ್ನೂ ಅದೇ ಶೆಲ್‌ನಿಂದ ಓಡಿಸಿ. ಸೋಲಾರಿಸ್ 8ರಿಂದ ಈಚೆಗೆ ಬ್ಯಾಶ್ ಕೂಡ ಜೊತೆಗೆ ಬರುತ್ತದೆ, ಅದಿದ್ದರೂ ಸರಿ.

ಸೋರ್ಸ್ ತರುವುದೂ ಒಂದು ಕೆಲಸ

ಹಳೇ ಮಷೀನಿನಿಂದ ನೇರವಾಗಿ ಡೌನ್‌ಲೋಡ್ ಮಾಡೋಕೆ ಹೋಗಬೇಡಿ. ಅದರಲ್ಲಿರುವ ಟಿಎಲ್‌ಎಸ್ (ನೆಟ್‌ವರ್ಕ್ ಮಾತನ್ನು ಗುಟ್ಟಾಗಿಡುವ ವ್ಯವಸ್ಥೆ) ತುಂಬಾ ಹಳೆಯದು, ಇವತ್ತಿನ ಸರ್ವರುಗಳು ಮಾತೇ ಆಡುವುದಿಲ್ಲ. ಹೊಸ ಮಷೀನಿನಲ್ಲಿ ಇಳಿಸಿ, ಸಹಿ ಪರೀಕ್ಷಿಸಿ, ಆಮೇಲೆ ಸಾಗಿಸಿ.

ಸಾಗಿಸುವಾಗಲೂ ತಡೆ ಇದೆ. ಬೇರೆ ಮಷೀನಿಗೆ ಭದ್ರವಾಗಿ ಸಂಪರ್ಕಿಸುವ ಓಪನ್‌ಎಸ್‌ಎಸ್‌ಎಚ್‌ನ 7.0 ಆವೃತ್ತಿ 2015ರಲ್ಲಿ ಬಂದಾಗ ಹಳೇ ಡಿಫಿ-ಹೆಲ್‌ಮನ್ ಗ್ರೂಪ್1 ಅನ್ನೋ ಕೀ ವಿನಿಮಯದ ವಿಧಾನವನ್ನು ಡಿಫಾಲ್ಟ್ ಆಗಿ ಆಫ್ ಮಾಡಿದರು. 2021ರಲ್ಲಿ ಬಂದ 8.8ರಲ್ಲಿ ಶಾ1 ಬಳಸುವ ಆರ್‌ಎಸ್‌ಎ ಸಹಿಯೂ ಹೋಯಿತು. ಹೊಸ ಮಷೀನಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಆ ಒಂದು ಹೋಸ್ಟ್‌ಗೆ ಮಾತ್ರ ಇವನ್ನು ಮತ್ತೆ ಆನ್ ಮಾಡಿಕೊಳ್ಳಿ, ಎಲ್ಲಾ ಹೋಸ್ಟ್‌ಗೂ ಬೇಡ. 2022ರ 9.0ರಿಂದ ಫೈಲ್ ಕಳಿಸುವ ಎಸ್‌ಸಿಪಿ ಕಮಾಂಡ್ ಒಳಗೊಳಗೇ ಎಸ್‌ಎಫ್‌ಟಿಪಿ ಬಳಸುತ್ತದೆ, ಹಳೇ ಕಡೆ ಅದು ಇಲ್ಲದಿದ್ದರೆ ದೊಡ್ಡಕ್ಷರದ -ಓ ಹಾಕಿದರೆ ಹಳೇ ರೀತಿಗೆ ಹೋಗುತ್ತದೆ. ಎಫ್‌ಟಿಪಿ ಬಳಸುವುದಾದರೆ ಮೊದಲು ಬೈನರಿ ಅಂತ ಹೊಡೆಯಿರಿ. ಟೆಕ್ಸ್ಟ್ ಮೋಡ್‌ನಲ್ಲಿ ಹೋದ ಟಾರ್ ಫೈಲ್ ಕೆಟ್ಟಿರುತ್ತದೆ. ಎರಡೂ ಕಡೆ ಸಿಕೆಸಮ್ ಹೊಡೆದು ಸಂಖ್ಯೆ ಒಂದೇ ಇದೆಯಾ ನೋಡಿ. ಎಂಡಿ5, ಶಾ ಕಮಾಂಡುಗಳು ಹಳೇ ಕಡೆ ಇಲ್ಲದಿರಬಹುದು, ಸಿಕೆಸಮ್ ಪಾಸಿಕ್ಸ್‌ನದ್ದು, ಎಲ್ಲಾ ಕಡೆ ಒಂದೇ ಉತ್ತರ ಕೊಡುತ್ತದೆ.

ಬಿಚ್ಚುವಾಗ ಇನ್ನೊಂದು. ಈಗ ಎಷ್ಟೋ ಸೋರ್ಸ್ ಎಕ್ಸ್‌ಝಡ್ ಅನ್ನೋ ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಎಕ್ಸ್‌ಝಡ್ ಬಂದಿದ್ದೇ 2009ರಲ್ಲಿ, ಹಳೇ ಸೋಲಾರಿಸ್‌ಗೆ ಅದರ ಪರಿಚಯವೇ ಇಲ್ಲ. ಹೊಸ ಮಷೀನಿನಲ್ಲಿ ಎಕ್ಸ್‌ಝಡ್ ಬಿಚ್ಚಿ, ಒಳಗಿನ ಟಾರ್ ಮುಟ್ಟದೆ ಜಿಝಿಪ್ ಮಾಡಿ ಕಳಿಸಿ. ಸೋಲಾರಿಸ್ ಟಾರ್‌ಗೆ ಝಡ್ ಆಪ್ಷನ್ ಇಲ್ಲ, ಗನ್‌ಝಿಪ್ -ಸಿ ಹೊಡೆದು ಪೈಪ್‌ನಲ್ಲಿ ಟಾರ್‌ಗೆ ಕೊಡಬೇಕು. ಅಷ್ಟಾದರೂ "ಡೈರೆಕ್ಟರಿ ಚೆಕ್‌ಸಮ್ ಎರರ್" ಅಂತ ಬಂದರೆ, ಅಥವಾ ಲಾಂಗ್‌ಲಿಂಕ್ ಅಂತ ಯಾವುದೋ ಗೊತ್ತಿಲ್ಲದ ಫೈಲ್ ಕಾಣಿಸಿಕೊಂಡರೆ, ಫೈಲ್ ಕೆಟ್ಟಿಲ್ಲ. 100 ಅಕ್ಷರ ಮೀರಿದ ಹೆಸರನ್ನು ಗ್ನೂ (ಮುಕ್ತ ಪ್ರೋಗ್ರಾಂ ಬರೆಯುವ ಪ್ರಾಜೆಕ್ಟ್) ಅವರ ಟಾರ್ ತನ್ನದೇ ರೀತಿಯಲ್ಲಿ ಬರೆದಿದೆ, ಸೋಲಾರಿಸ್ ಟಾರ್‌ಗೆ ಅದು ಓದಲು ಬರುತ್ತಿಲ್ಲ. ಗ್ನೂ ಟಾರ್ ಮೊದಲು ಕಟ್ಟಿಕೊಂಡು ಅದರಿಂದ ಬಿಚ್ಚಿ. ಅರ್ಧ ಬಿಚ್ಚಿದ ಸೋರ್ಸ್ ಮೇಲೆ ಕಂಪೈಲ್ ಶುರು ಮಾಡಿದರೆ ಎಲ್ಲೋ ಮಧ್ಯದಲ್ಲಿ "ಫೈಲ್ ಇಲ್ಲ" ಅಂತ ನಿಲ್ಲುತ್ತದೆ, ಆಗ ಕಾರಣ ನೆನಪಿಗೆ ಬರುವುದಿಲ್ಲ.

ಯಾವ ಆವೃತ್ತಿ ತರಬೇಕು? ತೀರಾ ಹೊಸದೇ ಬೇಕು ಅನ್ನೋ ಹಠ ಬೇಡ. ಪ್ರೋಗ್ರಾಂ ಹೊರಗಿನ ನೆಟ್‌ವರ್ಕ್ ಜೊತೆ ಮಾತಾಡುವುದಿಲ್ಲ ಅಂದರೆ ನಿಮ್ಮ ಯುನಿಕ್ಸ್‌ಗಿಂತ ಮೂರು ನಾಲ್ಕು ವರ್ಷ ಈಚೆಗಿನ ಆವೃತ್ತಿ ಹಿಡಿಯಿರಿ. ಆಗಿನ ಡೆವಲಪರ್‌ಗಳು ಇದೇ ಮಷೀನುಗಳ ಮೇಲೆ ಓಡಿಸಿ ನೋಡಿರುತ್ತಾರೆ, ಎಷ್ಟೋ ತೊಂದರೆ ಅವರೇ ಸರಿ ಮಾಡಿರುತ್ತಾರೆ. ಗ್ನೂ ಪ್ರಾಜೆಕ್ಟಿನ ಎಫ್‌ಟಿಪಿ ಸರ್ವರ್‌ನಲ್ಲಿ ಹಳೇ ಬಿಡುಗಡೆಗಳು ಇಂದಿಗೂ ಇವೆ. ನೆಟ್‌ವರ್ಕ್ ಮುಟ್ಟುವ ಪ್ರೋಗ್ರಾಂ ಆದರೆ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಂಪೈಲರ್

ಸೋಲಾರಿಸ್ 10ರಲ್ಲಿ /ಯುಎಸ್‌ಆರ್/ಎಸ್‌ಎಫ್‌ಡಬ್ಲ್ಯು/ಬಿನ್ ಒಳಗೆ ಗ್ನೂ ಕಂಪೈಲರ್ ಆದ ಜಿಸಿಸಿ 3.4.3 ಸಿಗುತ್ತದೆ, ಜಿಮೇಕ್ (ಗ್ನೂ ಮೇಕ್) ಕೂಡ ಅಲ್ಲೇ ಇದೆ. ಎಚ್‌ಪಿ-ಯುಎಕ್ಸ್ ಜೊತೆ ಬರುವ ಸಿಸಿ ಇದೆಯಲ್ಲ, ಅದು ಕರ್ನಲ್ ಮತ್ತೆ ಕಟ್ಟುವುದಕ್ಕೆ ಅಂತ ಕೊಟ್ಟದ್ದು. ಆನ್ಸಿ ಸಿ (ಮಾನದಂಡದ ಸಿ ಭಾಷೆ) ಅದಕ್ಕೆ ಬರುವುದಿಲ್ಲ. ಅದರ ಮೇಲೆ ನೇರವಾಗಿ ಯಾವ ಪ್ರೋಗ್ರಾಂ ಕಟ್ಟಲೂ ಹೋಗಬೇಡಿ, ಮೊದಲು ಒಂದು ರೆಡಿ ಜಿಸಿಸಿ ಹುಡುಕಿ.

ಕಂಪೈಲರ್ ಇದೆ ಅಂದ ಮಾತ್ರಕ್ಕೆ ಅದು ನಡೆಯುತ್ತದೆ ಅಂತಲ್ಲ. ಮೂರು ಸಾಲಿನ ಸಿ ಪ್ರೋಗ್ರಾಂ ಬರೆಯಿರಿ, ಕಂಪೈಲ್ ಮಾಡಿ, ಓಡಿಸಿ. ಸಿ++ ಬೇಕಿದ್ದರೆ ಅದರಲ್ಲೂ ಒಂದು. ಇದು ಓಡದೆ ಕಾನ್ಫಿಗರ್ ಓಡುವುದಿಲ್ಲ, "ಸಿ ಕಂಪೈಲರ್ ಕೆನಾಟ್ ಕ್ರಿಯೇಟ್ ಎಕ್ಸಿಕ್ಯೂಟಬಲ್ಸ್" ಅಂತಲೇ ನಿಲ್ಲುತ್ತದೆ.

ಬೇರೆಯವರು ಕಟ್ಟಿದ ಜಿಸಿಸಿ ತಂದು ಹಾಕಿದ್ದರೆ ಒಂದು ಎಚ್ಚರಿಕೆ. ಜಿಸಿಸಿ ಕಟ್ಟುವಾಗ ಆ ಮಷೀನಿನ ಕೆಲವು ಹೆಡರ್ ಫೈಲುಗಳನ್ನು ತಿದ್ದಿ ತನ್ನ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ನಿಮ್ಮ ಮಷೀನಿನ ಬಿಡುಗಡೆ ಬೇರೆ ಇದ್ದರೆ, ಅಥವಾ ಆಮೇಲೆ ಪ್ಯಾಚ್ ಹಾಕಿ ಹೆಡರ್ ಬದಲಾಗಿದ್ದರೆ, ಆ ಪ್ರತಿ ಮತ್ತು ನಿಜವಾದ ಹೆಡರ್ ಎರಡೂ ಜಗಳ ಆಡುತ್ತವೆ. ಸಿಸ್ಟಂ ಹೆಡರ್ ಒಳಗೇ ಅರ್ಥವಾಗದ ಎರರ್ ಬಂದರೆ, ನೀವೇನೂ ಮುಟ್ಟದ ಎಸ್‌ಟಿಡಿಐಒ.ಎಚ್ ತಪ್ಪು ಅಂತ ಹೇಳಿದರೆ, ಅನುಮಾನ ಇಲ್ಲಿಗೆ ಹೋಗಬೇಕು. ಜಿಸಿಸಿ ಜೊತೆಗೇ ಎಂಕೆಹೆಡರ್ಸ್ ಅನ್ನೋ ಸ್ಕ್ರಿಪ್ಟ್ ಇರುತ್ತದೆ. ಅದನ್ನು ಓಡಿಸಿದರೆ ಈ ಮಷೀನಿನ ಹೆಡರುಗಳಿಂದ ಹೊಸ ಪ್ರತಿ ಮಾಡಿಕೊಳ್ಳುತ್ತದೆ.

ಹೊಸ ಜಿಸಿಸಿಯೇ ಬೇಕು ಅಂದರೆ ಒಂದೇ ನೆಗೆತಕ್ಕೆ ಆಗುವುದಿಲ್ಲ, ಮೆಟ್ಟಿಲು ಹತ್ತಬೇಕು. ಬರೀ ಸಿ ಕಂಪೈಲರ್‌ನಿಂದ ಕಟ್ಟಬಹುದಾದ ಕೊನೆಯ ಸಾಲು 4.7. 2013ರ 4.8ರಿಂದ ಮುಂದೆ ಜಿಸಿಸಿ ಕಟ್ಟಲು ಸಿ++ ಕಂಪೈಲರ್ ಬೇಕೇ ಬೇಕು. ಸೋಲಾರಿಸ್ 8ರ ಬೆಂಬಲವೂ 4.8ರಲ್ಲೇ ಹೋಯಿತು. ಸೋಲಾರಿಸ್ 9ಕ್ಕೆ 4.9 ಕೊನೆ, ಸೋಲಾರಿಸ್ 10ಕ್ಕೆ 9 ಕೊನೆ. ಆ ಕೊನೇ ಸಾಲುಗಳಲ್ಲಿ ಕಾನ್ಫಿಗರ್‌ಗೆ --ಎನೇಬಲ್-ಅಬ್ಸೊಲೀಟ್ ಅಂತ ಕೊಡದಿದ್ದರೆ ಅದು ಒಪ್ಪುವುದಿಲ್ಲ. ಜಿಎಂಪಿ, ಎಂಪಿಎಫ್‌ಆರ್ ಅನ್ನೋ ಗಣಿತದ ಲೈಬ್ರರಿಗಳು 4.3ರಿಂದ ಬೇಕು, ಎಂಪಿಸಿ 4.5ರಿಂದ. ಇವನ್ನು ಬೇರೆ ಬೇರೆ ಕಟ್ಟುವುದಕ್ಕಿಂತ ಅವುಗಳ ಸೋರ್ಸನ್ನು ಜಿಸಿಸಿ ಸೋರ್ಸ್ ಒಳಗೇ ಅದೇ ಹೆಸರಿನ ಡೈರೆಕ್ಟರಿಗಳಲ್ಲಿ ಇಟ್ಟುಬಿಡಿ, ಜೊತೆಗೇ ಕಟ್ಟಿಕೊಳ್ಳುತ್ತದೆ. ಕಟ್ಟುವುದು ಮಾತ್ರ ಯಾವಾಗಲೂ ಸೋರ್ಸ್ ಡೈರೆಕ್ಟರಿಯ ಹೊರಗೆ, ಬೇರೆ ಖಾಲಿ ಡೈರೆಕ್ಟರಿಯಲ್ಲಿ. ಲಿಂಕರ್ ಸೋಲಾರಿಸ್‌ನದ್ದೇ ಇರಲಿ. ಗ್ನೂ ಎಲ್‌ಡಿ ಹಾಕಿ ಕಷ್ಟಪಟ್ಟವರನ್ನು ನಾನು ನೋಡಿದ್ದೇನೆ, ಸೋಲಾರಿಸ್ ಎಲ್‌ಡಿ ಹಾಕಿ ಪಶ್ಚಾತ್ತಾಪ ಪಟ್ಟವರನ್ನು ನೋಡಿಲ್ಲ.

ಜಿಸಿಸಿ ತನ್ನನ್ನು ತಾನೇ ಮೂರು ಸಲ ಕಟ್ಟಿಕೊಂಡು ಹೋಲಿಸಿ ನೋಡುತ್ತದೆ. ಹಳೇ ಪ್ರೊಸೆಸರ್ ಮೇಲೆ ಇದಕ್ಕೆ ಒಂದು ರಾತ್ರಿ ಸಾಲದೆ ಹೋಗಬಹುದು. ನೋಹಪ್ (ಲಾಗ್ಔಟ್ ಆದರೂ ಓಡುತ್ತಿರುವ ಹಾಗೆ ಮಾಡುವ ಕಮಾಂಡ್) ಹಾಕಿ ಬಿಟ್ಟು ಬೇರೆ ಕೆಲಸ ನೋಡಿ. ಆದರೆ ಬಿಡುವ ಮುಂಚೆ ಟಿಎಂಪಿಡಿಐಆರ್ ವೇರಿಯಬಲ್‌ಗೆ /ವಾರ್/ಟಿಎಂಪಿ ಕೊಡಿ. ಸೋಲಾರಿಸ್‌ನಲ್ಲಿ /ಟಿಎಂಪಿ ಇರುವುದು ಮೆಮೊರಿ ಮತ್ತು ಸ್ವಾಪ್ ಮೇಲೆ. ಕಂಪೈಲರ್‌ನ ತಾತ್ಕಾಲಿಕ ಫೈಲುಗಳು ಅಲ್ಲಿ ತುಂಬಿದಷ್ಟೂ ಕಂಪೈಲರ್‌ಗೇ ಮೆಮೊರಿ ಸಾಲದೆ ಬರುತ್ತದೆ.

ಮೇಕ್‌ಗೂ ಒಂದು ಮಾತು. ಸೋಲಾರಿಸ್‌ನ ಮೇಕ್ ಒಳ್ಳೆಯದೇ, ಆದರೆ ಈಗಿನ ಮೇಕ್‌ಫೈಲುಗಳು ಗ್ನೂ ಮೇಕ್ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. "ಫೇಟಲ್ ಎರರ್ ಇನ್ ರೀಡರ್, ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಲೈನ್ ಸೀನ್" ಅಂತ ಬಂದರೆ ಮೇಕ್‌ಫೈಲ್ ತಿದ್ದುತ್ತಾ ಕೂರಬೇಡಿ, ಗ್ನೂ ಮೇಕ್ ಕಟ್ಟಿಕೊಳ್ಳಿ. ಮೇಕ್ ಇಲ್ಲದೆ ಮೇಕ್ ಕಟ್ಟುವುದು ಹೇಗೆ ಅಂತ ಯೋಚನೆ ಬೇಡ, ಅದರ ಸೋರ್ಸ್‌ನಲ್ಲಿ ಬಿಲ್ಡ್.ಎಸ್‌ಎಚ್ ಅನ್ನೋ ಸ್ಕ್ರಿಪ್ಟ್ ಇದಕ್ಕಾಗಿಯೇ ಇದೆ. ನಾನು ಹೊಸ ಮಷೀನಿಗೆ ಕೈ ಹಾಕಿದಾಗ ಗ್ನೂ ಮೇಕ್, ಗ್ನೂ ಟಾರ್, ಗ್ನೂ ಪ್ಯಾಚ್, ಸೆಡ್, ಪರ್ಲ್, ಆಮೇಲೆ ಝಡ್‌ಲಿಬ್ (ಡೇಟಾ ಕುಗ್ಗಿಸುವ ಲೈಬ್ರರಿ) ಈ ವರಸೆಯಲ್ಲಿ ಹೋಗುತ್ತೇನೆ.

ಕಾನ್ಫಿಗರ್ ಏನು ಹೇಳುತ್ತಿದೆ

ಕಾನ್ಫಿಗರ್ ಸ್ಕ್ರಿಪ್ಟ್ ಹುಟ್ಟಿಸುವ ಆಟೋಕಾನ್ಫ್ ಶುರುವಾಗಿದ್ದು 1991ರಲ್ಲಿ, ಇಂಥ ಬೇರೆ ಬೇರೆ ಯುನಿಕ್ಸುಗಳ ನಡುವಿನ ವ್ಯತ್ಯಾಸ ತಾಳಿಕೊಳ್ಳೋಕೆ ಅಂತಲೇ. ಕಾನ್ಫಿಗರ್ ನಡೆಯುವ ರೀತಿ ಸರಳ. ಒಂದೊಂದು ಪ್ರಶ್ನೆಗೂ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆಯಿತು ಅಂದರೆ ಹೌದು, ಆಗದಿದ್ದರೆ ಇಲ್ಲ. ಸ್ಕ್ರೀನ್ ಮೇಲೆ ಬರೀ "ನೋ" ಅಂತ ಕಾಣುತ್ತದೆ. ಯಾಕೆ ಇಲ್ಲ ಅನ್ನುವುದು ಕಾನ್ಫಿಗ್.ಲಾಗ್ ಒಳಗಿದೆ.

ದಯವಿಟ್ಟು ಆ ಫೈಲ್ ತೆರೆದು ಓದಿ. ಜನ ಇದನ್ನು ಓದುವುದೇ ಇಲ್ಲ, ಅರ್ಧ ಕಷ್ಟ ಅದರಿಂದಲೇ. ಉದಾಹರಣೆಗೆ ಝಡ್‌ಲಿಬ್ ನೀವೇ ಹಾಕಿದ್ದೀರಿ, ಕಣ್ಣೆದುರೇ ಇದೆ, ಆದರೂ ಕಾನ್ಫಿಗರ್ "ಇಲ್ಲ" ಅನ್ನುತ್ತಿದೆ. ಕಾನ್ಫಿಗ್.ಲಾಗ್‌ನಲ್ಲಿ ಝಡ್‌ಲಿಬ್ ಅಂತ ಹುಡುಕಿ. ಅಲ್ಲಿ ಓಡಿಸಿದ ಕಂಪೈಲರ್ ಸಾಲು ಪೂರ್ತಿ ಇರುತ್ತದೆ, ಅದರ ಕೆಳಗೆ ಎರರ್, ಅದರ ಕೆಳಗೆ "ಫೇಲ್ಡ್ ಪ್ರೋಗ್ರಾಂ ವಾಸ್" ಅಂತ ಆ ಪುಟ್ಟ ಪ್ರೋಗ್ರಾಂ. ಹೆಡರ್ ಸಿಕ್ಕಿಲ್ಲ ಅಂತಿದ್ದರೆ ಹೆಡರ್ ಹುಡುಕುವ ಜಾಗ ಹೇಳುವ ಸಿಪಿಪಿಫ್ಲ್ಯಾಗ್ಸ್ ವೇರಿಯಬಲ್‌ನಲ್ಲಿ ದೊಡ್ಡಕ್ಷರದ -ಐ ಬಿಟ್ಟುಹೋಗಿದೆ. ಲೈಬ್ರರಿ ಸಿಕ್ಕಿಲ್ಲ ಅಂತಿದ್ದರೆ ಲಿಂಕರ್‌ಗೆ ಆಪ್ಷನ್ ಕೊಡುವ ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ದೊಡ್ಡಕ್ಷರದ -ಎಲ್ ಬಿಟ್ಟುಹೋಗಿದೆ. "ರಾಂಗ್ ಈಎಲ್‌ಎಫ್ ಕ್ಲಾಸ್" ಅಂತಿದ್ದರೆ ಲೈಬ್ರರಿ ಇದೆ, ಆದರೆ 64 ಬಿಟ್‌ಗೆ ಕಟ್ಟಿದ್ದು, ನೀವು ಈಗ ಕಟ್ಟುತ್ತಿರುವುದು 32. ಮೂರೂ ಕಾರಣ ಬೇರೆ, ಸ್ಕ್ರೀನ್ ಮೇಲೆ ಮೂರಕ್ಕೂ ಒಂದೇ "ನೋ".

ಒಂದು ಮಷೀನಿನಲ್ಲಿ 32 ಸಾಕೋ 64 ಬೇಕೋ ಮೊದಲೇ ತೀರ್ಮಾನ ಮಾಡಿ. ಎಲ್ಲಾ ಲೈಬ್ರರಿಯನ್ನೂ ಅದರಲ್ಲೇ ಕಟ್ಟಿ. -ಎಂ32 ಅಥವಾ -ಎಂ64 ಅನ್ನು ಸಿಸಿ ವೇರಿಯಬಲ್ ಒಳಗೇ, ಜಿಸಿಸಿ ಹೆಸರಿನ ಪಕ್ಕದಲ್ಲೇ ಸೇರಿಸಿಬಿಟ್ಟರೆ ಲಿಂಕ್ ಮಾಡುವಾಗಲೂ ಮರೆಯುವುದಿಲ್ಲ. ಅನುಮಾನ ಬಂದರೆ ಫೈಲ್ ಕಮಾಂಡ್ ಹೊಡೆದು ನೋಡಿ.

ಫ್ಲ್ಯಾಗ್ ಬದಲಿಸಿದಾಗಲೆಲ್ಲ ಹಳೇ ಬಿಲ್ಡ್ ಡೈರೆಕ್ಟರಿ ಅಳಿಸಿ ಹೊಸದರಲ್ಲಿ ಶುರು ಮಾಡಿ. ಹಳೇ ಕಾನ್ಫಿಗ್.ಕ್ಯಾಶ್ ಉಳಿದಿದ್ದರೆ ಅದು ಹಳೇ ಉತ್ತರವನ್ನೇ ಹೇಳುತ್ತಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಕಂಪೈಲ್ ಎರರ್‌ಗಳು

ಎರರ್ ಬಂದಾಗ ಸ್ಕ್ರೀನಿನ ಕೊನೇ ಸಾಲು ನೋಡಬೇಡಿ. ಔಟ್‌ಪುಟ್ ಪೂರ್ತಿ ಟೀ ಕಮಾಂಡ್‌ನಿಂದ ಒಂದು ಫೈಲಿಗೆ ಹೋಗುವ ಹಾಗೆ ಮಾಡಿ, ಅದರಲ್ಲಿ ಮೊಟ್ಟಮೊದಲ ಎರರ್ ಹುಡುಕಿ. ಒಂದು ಟೈಪ್ ಗೊತ್ತಿಲ್ಲ ಅಂತ ಮೊದಲು ಬಂದರೆ ಅದರ ಹಿಂದೆಯೇ ನೂರು ಬರುತ್ತವೆ. ಮೊದಲನೆಯದು ಹೋದರೆ ನೂರೂ ಹೋಗುತ್ತವೆ. ಕಾರಣ ಹುಡುಕುವಾಗ ಮೇಕ್‌ಗೆ -ಜೆ (ಹಲವು ಫೈಲ್ ಒಟ್ಟಿಗೆ ಕಂಪೈಲ್ ಮಾಡಿಸುವ ಆಪ್ಷನ್) ಹಾಕಬೇಡಿ, ನಾಲ್ಕು ಫೈಲಿನ ಎರರ್ ಒಂದರೊಳಗೊಂದು ಸೇರಿಕೊಂಡು ಯಾವುದು ಮೊದಲು ಅನ್ನುವುದೇ ತಿಳಿಯುವುದಿಲ್ಲ.

ನನಗೆ ಮತ್ತೆ ಮತ್ತೆ ಸಿಕ್ಕವು ಇವು. ಸೋಲಾರಿಸ್ 8 ಮತ್ತು 9ರಲ್ಲಿ ಎಸ್‌ಟಿಡಿಇಂಟ್.ಎಚ್ ಇಲ್ಲ, ಅದು ಬಂದಿದ್ದು 10ರಲ್ಲಿ. ಆದರೆ ಇಂಟ್‌ಟೈಪ್ಸ್.ಎಚ್ ಇದೆ, ಬೇಕಾದ್ದು ಬಹುಪಾಲು ಅದರಲ್ಲೇ ಇದೆ. ನಿಮ್ಮದೇ ಒಂದು ಇನ್‌ಕ್ಲೂಡ್ ಡೈರೆಕ್ಟರಿ ಮಾಡಿ, ಅದರಲ್ಲಿ ಎಸ್‌ಟಿಡಿಇಂಟ್.ಎಚ್ ಅಂತ ಫೈಲ್ ಹುಟ್ಟಿಸಿ, ಇಂಟ್‌ಟೈಪ್ಸ್.ಎಚ್ ಸೇರಿಸುವ ಒಂದೇ ಸಾಲು ಬರೆಯಿರಿ. ಸಿಸ್ಟಂ ಡೈರೆಕ್ಟರಿಯೊಳಗೆ ಮಾತ್ರ ಈ ಫೈಲ್ ಹಾಕಬೇಡಿ. ಸೆಟ್‌ಎನ್ವ್, ಅನ್‌ಸೆಟ್‌ಎನ್ವ್ ಕೂಡ 10ಕ್ಕೆ ಮುಂಚೆ ಇಲ್ಲ, ಪುಟ್‌ಎನ್ವ್ ಬಳಸಿ ಬರೆದುಕೊಳ್ಳಬಹುದು. ಗೆಟ್‌ಲೈನ್, ಎಸ್‌ಟಿಆರ್‌ಎನ್‌ಡಪ್ 10ರಲ್ಲೂ ಇಲ್ಲ. ಇಂಥವನ್ನು ಸ್ವಂತವಾಗಿ ಬರೆಯುವುದಕ್ಕಿಂತ ಗ್ನುಲಿಬ್‌ನಿಂದ ತೆಗೆದುಕೊಳ್ಳಿ. ಅದು ಇರುವುದೇ ಇಂಥ ಕೊರತೆ ತುಂಬೋಕೆ, ಬರೆದವರು ಮೂಲೆ ಮೂಲೆಯನ್ನೂ ಯೋಚಿಸಿದ್ದಾರೆ.

ಫಾರ್ ಲೂಪ್ ಒಳಗೇ ವೇರಿಯಬಲ್ ಘೋಷಿಸಿದ್ದಕ್ಕೆ ಎರರ್ ಬಂದರೆ ಕೋಡ್ ತಿದ್ದಬೇಡಿ. ಜಿಸಿಸಿ 5ಕ್ಕಿಂತ ಹಿಂದಿನವು ಡಿಫಾಲ್ಟ್ ಆಗಿ 1989ರ ಸಿ ಹಿಡಿದು ನಡೆಯುತ್ತವೆ. ಸಿಎಫ್ಲ್ಯಾಗ್ಸ್‌ನಲ್ಲಿ -ಎಸ್‌ಟಿಡಿ=ಗ್ನೂ99 ಅಂತ ಹಾಕಿ, ಆಗ 1999ರ ಸಿ ಹಿಡಿಯುತ್ತದೆ. ಗ್ನೂ99 ಅಂತಲೇ ಹಾಕಿ, ಸಿ99 ಬೇಡ. ಸಿ99 ಅಂದರೆ ತೀರಾ ಕಟ್ಟುನಿಟ್ಟು, ಸೋಲಾರಿಸ್ ಹೆಡರುಗಳು ಆಗ ಎಷ್ಟೋ ಫಂಕ್ಷನ್ ಬಚ್ಚಿಟ್ಟುಕೊಳ್ಳುತ್ತವೆ.

ಇನ್ನೊಂದು ನೋಡಿದರೆ ಗಾಬರಿಯಾಗುವಂಥದ್ದು. ಫೀಚರ್_ಟೆಸ್ಟ್ಸ್.ಎಚ್ ಒಳಗಿಂದ "ಕಂಪೈಲರ್ ಆರ್ ಆಪ್ಷನ್ಸ್ ಇನ್ವ್ಯಾಲಿಡ್ ಫಾರ್ ಪ್ರೀ-ಯುನಿಕ್ಸ್ 03" ಅಂತ ಶುರುವಾಗುವ ಉದ್ದನೆಯ ಎರರ್. ವಿಷಯ ಚಿಕ್ಕದು. ಯಾವ ಯುನಿಕ್ಸ್ ಮಾನದಂಡ ಬೇಕು ಅಂತ ಹೆಡರುಗಳಿಗೆ ಹೇಳುವ _ಎಕ್ಸ್‌ಓಪನ್_ಸೋರ್ಸ್ ಅನ್ನು 500 ಅಂತ ಕೊಟ್ಟಿದ್ದರೆ ಸಿ99 ಇರಬಾರದು, 600 ಅಂತ ಕೊಟ್ಟಿದ್ದರೆ ಸಿ99 ಇರಲೇಬೇಕು. ಪ್ರೋಗ್ರಾಂ ಬರೆದವರು ಲಿನಕ್ಸ್‌ನಲ್ಲಿ ಇದನ್ನು ಗಮನಿಸಿರುವುದಿಲ್ಲ, ಅಲ್ಲಿ ಯಾರೂ ಕೇಳುವುದಿಲ್ಲ. ಸೋರ್ಸ್‌ನಲ್ಲಿ ಆ ಹೆಸರು ಗ್ರೆಪ್ ಮಾಡಿ, ಸಂಖ್ಯೆಯನ್ನು ನೀವು ಬಳಸುತ್ತಿರುವ ಸಿಗೆ ಹೊಂದಿಸಿ, ಜೊತೆಗೆ __ಎಕ್ಸ್‌ಟೆನ್ಷನ್ಸ್__ ಅಂತ ದೊಡ್ಡಕ್ಷರದ -ಡಿ ಹಾಕಿ ಕೊಡಿ. ಮುಚ್ಚಿಟ್ಟ ಫಂಕ್ಷನ್‌ಗಳು ಹೊರಗೆ ಬರುತ್ತವೆ.

ಲಿಂಕ್ ಮತ್ತು ಓಡಿಸುವುದು

ಕಂಪೈಲ್ ಎಲ್ಲಾ ಮುಗಿದು ಕೊನೆಗೆ "ಅನ್‌ಡಿಫೈನ್ಡ್ ಸಿಂಬಲ್" ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಸಾಕೆಟ್, ಕನೆಕ್ಟ್, ಗೆಟ್‌ಹೋಸ್ಟ್‌ಬೈನೇಮ್ ಇವೆಯಾ? ಲಿನಕ್ಸ್‌ನಲ್ಲಿ ಇವೆಲ್ಲ ಸಿ ಲೈಬ್ರರಿಯಲ್ಲೇ ಇವೆ. ಈ ಸೋಲಾರಿಸ್‌ಗಳಲ್ಲಿ ಸಾಕೆಟ್ ಮತ್ತು ಎನ್‌ಎಸ್‌ಎಲ್ ಅನ್ನೋ ಬೇರೆ ಲೈಬ್ರರಿಗಳಲ್ಲಿವೆ. ಚಿಕ್ಕಕ್ಷರದಲ್ಲಿ -ಎಲ್‌ಸಾಕೆಟ್ -ಎಲ್‌ಎನ್‌ಎಸ್‌ಎಲ್ ಸೇರಿಸಿ. ಇವನ್ನು ಲಿಬ್ಸ್ ವೇರಿಯಬಲ್‌ನಲ್ಲಿ ಕೊಡಿ, ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಅಲ್ಲ. ಎಲ್‌ಡಿಫ್ಲ್ಯಾಗ್ಸ್ ಸಾಲಿನ ಮುಂದೆ ಬರುತ್ತದೆ, ಲೈಬ್ರರಿ ಬರಬೇಕಾದ್ದು ಆಬ್ಜೆಕ್ಟ್ ಫೈಲುಗಳ ಹಿಂದೆ.

ಈಗ ಪ್ರೋಗ್ರಾಂ ಹುಟ್ಟಿತು. ಓಡಿಸಿದರೆ "ಲಿಬ್‌ಝಡ್.ಎಸ್‌ಒ.1, ಓಪನ್ ಫೇಲ್ಡ್" ಅಂತ ಸತ್ತಿತು. ದೊಡ್ಡಕ್ಷರದ -ಎಲ್ ಹೇಳುವುದು ಲಿಂಕ್ ಮಾಡುವಾಗ ಎಲ್ಲಿ ಹುಡುಕಬೇಕು ಅಂತ ಮಾತ್ರ. ಓಡುವಾಗ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ದೊಡ್ಡಕ್ಷರದ -ಆರ್ ಬೇರೆ ಇದೆ. ಎಲ್‌ಡಿಫ್ಲ್ಯಾಗ್ಸ್‌ನಲ್ಲಿ -ಎಲ್ ಕೊಟ್ಟ ಪ್ರತಿ ಡೈರೆಕ್ಟರಿಗೂ -ಆರ್ ಕೂಡ ಕೊಡಿ. ಆ ದಾರಿ ಪ್ರೋಗ್ರಾಂ ಒಳಗೇ ಬರೆದಿಟ್ಟ ಹಾಗಾಗುತ್ತದೆ. ಎಲ್‌ಡಿಡಿ ಹೊಡೆದರೆ ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಅಂತ ತೋರಿಸುತ್ತದೆ.

ಎಲ್‌ಡಿ_ಲೈಬ್ರರಿ_ಪಾತ್ ಹಾಕಿದರೂ ಓಡುತ್ತದೆ. ನನ್ನನ್ನು ಕೇಳಿದರೆ ಪರೀಕ್ಷೆಗೆ ಮಾತ್ರ ಹಾಕಿ. ಅದು ಆ ಶೆಲ್‌ನಿಂದ ಓಡುವ ಎಲ್ಲಾ ಪ್ರೋಗ್ರಾಂ ಮೇಲೂ ಬೀಳುತ್ತದೆ, ಸಿಸ್ಟಂನ ಸ್ವಂತ ಕಮಾಂಡುಗಳೂ ನಿಮ್ಮ ಲೈಬ್ರರಿ ಎತ್ತಿಕೊಂಡು ವಿಚಿತ್ರವಾಗಿ ಸಾಯುತ್ತವೆ. ಗೊತ್ತು ಮಾಡಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಿಂದ ಓಡಿಸಿದರೆ ಆ ವೇರಿಯಬಲ್ ಇರುವುದೇ ಇಲ್ಲ, ಪ್ರೋಗ್ರಾಂ ರಾತ್ರಿ ಮಾತ್ರ ಕೈಕೊಡುತ್ತದೆ. ಎಐಎಕ್ಸ್‌ನಲ್ಲಿ ಇದರ ಹೆಸರು ಲಿಬ್‌ಪಾತ್, ಹಳೇ ಎಚ್‌ಪಿ-ಯುಎಕ್ಸ್‌ನಲ್ಲಿ ಎಸ್‌ಎಚ್‌ಲಿಬ್_ಪಾತ್. ಎಐಎಕ್ಸ್‌ನಲ್ಲಿ ಇನ್ನೊಂದು ನೆನಪಿರಲಿ, ಅಲ್ಲಿ .ಎ ಅಂತ ಕೊನೆಯಾಗುವ ಫೈಲ್ ಒಳಗೂ ಶೇರ್ಡ್ ಲೈಬ್ರರಿ ಇರುತ್ತದೆ, ಸ್ಟ್ಯಾಟಿಕ್ ಅಂದುಕೊಂಡು ಅಳಿಸಬೇಡಿ.

ಓಡಿತು ಅಂತ ನಿಲ್ಲಿಸದೆ ಮೇಕ್ ಚೆಕ್ ಹೊಡೆಯಿರಿ. "ಬಸ್ ಎರರ್" ಅಂತ ಸತ್ತರೆ ಅದು ಸ್ಪಾರ್ಕ್‌ನ ಗುಣ. ನಾಲ್ಕು ಬೈಟಿನ ಸಂಖ್ಯೆಯನ್ನು ನಾಲ್ಕರಿಂದ ಭಾಗವಾಗದ ವಿಳಾಸದಿಂದ ಓದಲು ಹೋದರೆ ಸ್ಪಾರ್ಕ್ ಒಪ್ಪುವುದಿಲ್ಲ, ಎಕ್ಸ್86 ಸುಮ್ನೆ ಓದಿಬಿಡುತ್ತದೆ. ಇದು ಮಾತ್ರ ನಿಜವಾಗಿಯೂ ಕೋಡಿನ ತಪ್ಪು. ಡಿಬಗ್ಗರ್‌ನಲ್ಲಿ ಆ ಸಾಲು ಹಿಡಿದು, ಪಾಯಿಂಟರ್ ಕ್ಯಾಸ್ಟ್ ತೆಗೆದು ಮೆಮ್‌ಕಾಪಿ ಹಾಕಿ, ಸಾಧ್ಯವಾದರೆ ಆ ಪ್ರಾಜೆಕ್ಟಿಗೂ ಕಳಿಸಿ. ನೆಟ್‌ವರ್ಕಿಗೋ ಫೈಲಿಗೋ ಬರೆದ ಸಂಖ್ಯೆಗಳು ತಿರುವುಮುರುವಾಗಿ ಕಂಡರೆ ಎಂಡಿಯನ್ (ಸಂಖ್ಯೆಯ ಬೈಟುಗಳನ್ನು ಇಡುವ ವರಸೆ) ತೊಂದರೆ, ಸ್ಪಾರ್ಕ್ ಬಿಗ್ ಎಂಡಿಯನ್. ತುಂಬಾ ಫೈಲ್ ತೆರೆಯುವ ಪ್ರೋಗ್ರಾಂ 32 ಬಿಟ್‌ನಲ್ಲಿ ಎಷ್ಟೋ ಹೊತ್ತಿನ ಮೇಲೆ ಎಫ್‌ಓಪನ್‌ನಲ್ಲಿ ಸೋತರೆ, ಅಲ್ಲಿ ಸ್ಟ್ಯಾಂಡರ್ಡ್ ಐಒ 255ರ ಮೇಲಿನ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಸಂಖ್ಯೆ) ಹಿಡಿಯುವುದಿಲ್ಲ ಅನ್ನುವುದು ಕಾರಣ. 64 ಬಿಟ್‌ಗೆ ಕಟ್ಟಿದರೆ ಈ ಮಿತಿ ಇಲ್ಲ.

ಓಪನ್‌ಎಸ್‌ಎಸ್‌ಎಲ್ ಮತ್ತು ನೆಟ್‌ವರ್ಕ್

ಟಿಎಲ್‌ಎಸ್ ಒದಗಿಸುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ಇದಕ್ಕೆ ಆಟೋಕಾನ್ಫ್ ಇಲ್ಲ, ದೊಡ್ಡಕ್ಷರದ ಸಿಯಿಂದ ಶುರುವಾಗುವ ತನ್ನದೇ ಕಾನ್ಫಿಗರ್ ಇದೆ, ಅದು ಪರ್ಲ್‌ನಲ್ಲಿದೆ. 1.1.0ರಿಂದ ಪರ್ಲ್ 5.10 ಬೇಕು, ಹಾಗಾಗಿ ಪರ್ಲ್ ಮೊದಲು ಕಟ್ಟಿ. ಟಾರ್ಗೆಟ್ ಹೆಸರು ನೀವೇ ಕೊಡಿ, ಅದರ ಊಹೆಗೆ ಬಿಡಬೇಡಿ. 64 ಬಿಟ್ ಮಷೀನ್ ಕಂಡ ತಕ್ಷಣ ಅದು ನಿಮ್ಮ ಉಳಿದ ಲೈಬ್ರರಿಗಳ ಜೊತೆ ಹೊಂದದ್ದನ್ನು ಹಿಡಿಯಬಹುದು. ಊಹಿಸಲಾಗದ ಸಂಖ್ಯೆ ಕೊಡುವ /ಡೆವ್/ರ್ಯಾಂಡಮ್ ಸೋಲಾರಿಸ್ 8ರಲ್ಲಿ ಪ್ಯಾಚ್ ಹಾಕಿದರೆ ಮಾತ್ರ ಬರುತ್ತದೆ, 9ರಿಂದ ತಾನೇ ಇದೆ. ಅದಿಲ್ಲದೆ ಮಾಡಿದ ಕೀಗಳನ್ನು ನಂಬಬೇಡಿ.

ಓಪನ್‌ಎಸ್‌ಎಸ್‌ಎಲ್ 1.0.2ರ ಉಚಿತ ಬೆಂಬಲ 2019ರ ಕೊನೆಗೆ ಮುಗಿಯಿತು. ಹಳೇ ಮಷೀನಿಗೆ ಅದು ಸುಲಭವಾಗಿ ಕೂರುತ್ತದೆ ನಿಜ, ಆದರೆ ಹೊರಗಿನ ನೆಟ್‌ವರ್ಕಿಗೆ ತೆರೆದ ಸರ್ವಿಸ್‌ಗೆ ಅದನ್ನು ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಮುಂದೆ ಒಂದು ಹೊಸ ಮಷೀನ್ ನಿಲ್ಲಿಸಿ, ಟಿಎಲ್‌ಎಸ್ ಅದರ ಮೇಲೆ ಮುಗಿಯಲಿ, ಹಳೆಯದು ಒಳಗಿನ ನೆಟ್‌ವರ್ಕಿನಲ್ಲಿ ಮಾತ್ರ ಇರಲಿ.

ಎಲ್ಲಿ ಹಾಕುವುದು

/ಯುಎಸ್‌ಆರ್/ಬಿನ್ ಒಳಗಿನ ಯಾವುದನ್ನೂ ನಿಮ್ಮದರಿಂದ ಬದಲಿಸಬೇಡಿ. ಸಿಸ್ಟಂನ ಸ್ಕ್ರಿಪ್ಟುಗಳು ಹಳೇ ಗುಣವನ್ನೇ ನಂಬಿಕೊಂಡಿರುತ್ತವೆ. ಪ್ರಿಫಿಕ್ಸ್ ಅಂತ /ಓಪಿಟಿ ಕೆಳಗೆ ನಿಮ್ಮದೇ ಒಂದು ಡೈರೆಕ್ಟರಿ ಕೊಡಿ, ಪ್ರೋಗ್ರಾಂ ಹೆಸರು ಮತ್ತು ಆವೃತ್ತಿ ಸೇರಿಸಿದರೆ ಇನ್ನೂ ಒಳ್ಳೆಯದು, ಬೇಡವಾದಾಗ ಒಂದೇ ಡೈರೆಕ್ಟರಿ ಅಳಿಸಿದರಾಯಿತು. ಇನ್‌ಸ್ಟಾಲ್ ಮಾಡುವ ಮುಂಚೆ ಡೆಸ್ಟ್‌ಡಿಐಆರ್ ಕೊಟ್ಟು ಬೇರೆ ಕಡೆ ಒಮ್ಮೆ ಹಾಕಿ ನೋಡಿ, ಏನೇನು ಎಲ್ಲೆಲ್ಲಿ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಇನ್‌ಸ್ಟಾಲ್ ಹಂತ ಬಿಟ್ಟು ಉಳಿದದ್ದೆಲ್ಲ ಮಾಮೂಲಿ ಯೂಸರ್ ಆಗಿಯೇ ಮಾಡಿ.

ರೂಟ್‌ನ ಲಾಗಿನ್ ಶೆಲ್ ಮಾತ್ರ ನೀವು ಕಟ್ಟಿದ ಬ್ಯಾಶ್‌ಗೆ ಬದಲಿಸಲೇಬೇಡಿ. ಒಂದು ದಿನ ಮಷೀನ್ ಸಿಂಗಲ್ ಯೂಸರ್‌ನಲ್ಲಿ ಏಳುತ್ತದೆ, /ಓಪಿಟಿ ಮೌಂಟ್ ಆಗಿರುವುದಿಲ್ಲ, ಬ್ಯಾಶ್ ಇರುವುದಿಲ್ಲ, ಒಳಗೆ ಹೋಗುವ ದಾರಿಯೇ ಇರುವುದಿಲ್ಲ.

ಇಪ್ಪತ್ತು ಮೂವತ್ತು ಪ್ಯಾಕೇಜ್ ಬೇಕು ಅಂದರೆ ಒಂದೊಂದೇ ಕೈಯಿಂದ ಕಟ್ಟುವುದು ಬೇಡ, ನೆಟ್‌ಬಿಎಸ್‌ಡಿ ಅನ್ನೋ ಮುಕ್ತ ಯುನಿಕ್ಸ್‌ನವರ ಪಿಕೆಜಿಎಸ್‌ಆರ್‌ಸಿ ಅನ್ನೋ ಪ್ಯಾಕೇಜ್ ಕಟ್ಟುವ ವ್ಯವಸ್ಥೆ ನೋಡಿ. 1997ರಿಂದ ಇದೆ, ನೆಟ್‌ಬಿಎಸ್‌ಡಿ ಅಲ್ಲದ ಯುನಿಕ್ಸುಗಳ ಮೇಲೂ ಬೂಟ್‌ಸ್ಟ್ರಾಪ್ ಮಾಡಿಕೊಳ್ಳಬಹುದು. ಸೋಲಾರಿಸ್‌ಗೆ ಬೇಕಾದ ಎಷ್ಟೋ ಪ್ಯಾಚ್ ಅದರಲ್ಲಿ ಮೊದಲೇ ಕೂತಿವೆ. ಕೈಯಿಂದಲೇ ಕಟ್ಟುತ್ತಿದ್ದರೂ ಎಲ್ಲೋ ಸಿಕ್ಕಿಕೊಂಡಾಗ ಅದೇ ಪ್ಯಾಕೇಜಿನ ಪ್ಯಾಚ್ ಡೈರೆಕ್ಟರಿ ತೆರೆದು ನೋಡಿ, ಉತ್ತರ ಅಲ್ಲೇ ಇರುವುದುಂಟು.

ಎಲ್ಲಾ ಸರಿಯಾಗಿ ಓಡಿದ ಮೇಲೆ ಬಿಲ್ಡ್ ಡೈರೆಕ್ಟರಿ ಅಳಿಸುವ ಮುಂಚೆ ಕಾನ್ಫಿಗ್.ಲಾಗ್ ಎತ್ತಿಡಿ. ಅದರ ತಲೆಯಲ್ಲೇ ನೀವು ಕಾನ್ಫಿಗರ್‌ಗೆ ಕೊಟ್ಟ ಸಾಲು ಇದ್ದ ಹಾಗೇ ಇರುತ್ತದೆ. ಪಾತ್, ಸಿಸಿ, ಸಿಎಫ್ಲ್ಯಾಗ್ಸ್, ಎಲ್‌ಡಿಫ್ಲ್ಯಾಗ್ಸ್, ಲಿಬ್ಸ್ ಏನಿತ್ತು ಅಂತ ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿ, ಸೋರ್ಸ್ ಟಾರ್ ಮತ್ತು ನೀವು ಹಾಕಿದ ಪ್ಯಾಚ್ ಜೊತೆ ಒಂದೇ ಕಡೆ ಇಡಿ. ಅದರ ಒಂದು ಪ್ರತಿ ಬೇರೆ ಮಷೀನಿನಲ್ಲೂ ಇರಲಿ, ಈ ಡಿಸ್ಕುಗಳಿಗೂ ವಯಸ್ಸಾಗಿದೆ.